ಮುಧೋಳ ನಾಯಿ ನನ್ನದೇ ಅನ್ನೋದಕ್ಕೆ ಏನು ದಾಖಲೆ ಇಟ್ಟುಕೊಳ್ಳಲಿ?

ಪ್ರಶ್ನೆ: ನಮ್ಮದು ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿ. ತೋಟದ ಮನೆಯಲ್ಲಿ ಇದ್ದೇವೆ. ಎರಡು ವರ್ಷದ ಹಿಂದೆ ಲೋಕಾಪುರದ ಕಡೆಯವರೊಬ್ಬರಿಂದ ಮುಧೋಳ ನಾಯಿಯ ಗಂಡು ಮರಿ ತಂದೆ. ಎಂಟು ಸಾವಿರ ಕೊಟ್ಟೆ. ಅರ್ಧ ಫೋನ್‌ಪೇ ಮಾಡಿದೆ, ಅರ್ಧ ಕೈಯಲ್ಲಿ ಕೊಟ್ಟೆ. ರಸೀದಿ ಕೇಳಲಿಲ್ಲ. ಹೋದ ತಿಂಗಳು ನಾಯಿ ಹಗ್ಗ ಹರಿದುಕೊಂಡು ಹೋಯಿತು. ಮೂರು ವಾರ ಆದ ಮೇಲೆ ಪಕ್ಕದ ಊರಿನ ಒಬ್ಬರ ಅಂಗಳದಲ್ಲಿ ಕಂಡಿತು. ಕೇಳಿದರೆ ‘ಇದು ನಾನು ಮರಿಯಿಂದ ಸಾಕಿದ್ದು’ ಅಂದರು. ಎರಡೂ ಊರಿನ ಹಿರಿಯರು ಕೂತು ಮಾತಾಡಿದ ಮೇಲೆ ಬಿಟ್ಟುಕೊಟ್ಟರು. ಈಗ ಸಾಕಿದ ಖರ್ಚು ಅಂತ ಮೂರು ಸಾವಿರ ಕೇಳುತ್ತಿದ್ದಾರೆ. ಮುಂದೆ ಇಂಥದ್ದಾದರೆ ನಾಯಿ ನನ್ನದೇ ಅಂತ ತೋರಿಸಲು ಏನೇನು ಇಟ್ಟುಕೊಳ್ಳಬೇಕು? ಮೈಮೇಲೆ ಬರೆ ಹಾಕಿ ಗುರುತು ಮಾಡಿಸು ಅಂತ ನನ್ನ ತಮ್ಮ ಹೇಳುತ್ತಾನೆ, ಮಾಡಿಸಲಾ? ಅವರು ಕೇಳಿದ ರೊಕ್ಕ ಕೊಡಬೇಕಾ?

ಉತ್ತರ: ಮೊದಲು ಬರೆಯ ವಿಷಯ ಮುಗಿಸಿಬಿಡೋಣ. ಬೇಡವೇ ಬೇಡ. ಸುಮ್ಮನೆ ನೋವು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ನಾಯಿ ನನ್ನದು ಅಂತ ಹೇಳಲು ಹೋಗಿ ನಿಮ್ಮ ಮೇಲೇ ಕೇಸ್ ಹಾಕಿಸಿಕೊಳ್ಳಬೇಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹೊಲಕ್ಕೆ ಪಹಣಿ ಇದೆ, ಬೈಕಿಗೆ ಆರ್.ಸಿ. ಇದೆ. ನಿಮ್ಮ ಎಮ್ಮೆಯ ಕಿವಿಯಲ್ಲೂ ಈಗ 12 ಅಂಕಿಯ ಹಳದಿ ಓಲೆ ಇರುತ್ತದೆ. ನಾಯಿಗೆ ಹಾಗೆ ಒಂದೇ ಏಟಿಗೆ ಮಾತು ಮುಗಿಸುವ ಕಾಗದ ಇಲ್ಲ. ಕಾನೂನಿನ ಲೆಕ್ಕದಲ್ಲಿ ನಾಯಿ ಅಂದರೆ ಚರ ಸ್ವತ್ತು. ಚರ ಸ್ವತ್ತು ಯಾರ ಕೈಯಲ್ಲಿ ಇದೆಯೋ ಅವರದೇ ಅಂತ ಕಾನೂನು ಮೊದಲು ಅಂದುಕೊಳ್ಳುತ್ತದೆ. ‘ಅಲ್ಲ’ ಅನ್ನುವವರು ಸಾಬೀತು ಮಾಡಬೇಕು. ನಾಯಿ ಅವರ ಅಂಗಳದಲ್ಲಿ ಇದ್ದ ಆ ಮೂರು ವಾರ ನೀವು ‘ಅಲ್ಲ’ ಅನ್ನುವ ಜಾಗದಲ್ಲಿ ನಿಂತಿದ್ದಿರಿ. ಹಿರಿಯರು ನಿಮ್ಮ ಮಾತು ನಂಬಿದರು, ಅದಕ್ಕೆ ಬಚಾವಾದಿರಿ. ಸ್ಟೇಷನ್ನಿಗೋ ಕೋರ್ಟಿಗೋ ಹೋಗಿದ್ದರೆ ‘ಏನಿದೆ ತೋರಿಸಿ’ ಅನ್ನುತ್ತಿದ್ದರು.

ತೋರಿಸುವುದು ಅಂದರೆ ಎರಡು ಕೆಲಸ. ನಿಮ್ಮ ಹತ್ತಿರ ಒಂದು ನಾಯಿ ಇತ್ತು ಅಂತ ತೋರಿಸುವುದು ಒಂದು. ಆ ನಾಯಿ ಇದೇ ಅಂತ ತೋರಿಸುವುದು ಇನ್ನೊಂದು. ಹೆಚ್ಚಿನ ಮಂದಿ ಮೊದಲನೆಯದನ್ನು ಮಾಡಿರುತ್ತಾರೆ, ಎರಡನೆಯದರಲ್ಲಿ ಸಿಕ್ಕಿಬೀಳುತ್ತಾರೆ. ಮುಧೋಳ ನಾಯಿಯಲ್ಲಂತೂ ಇದು ಜಾಸ್ತಿ. ಒಂದೇ ಸೂಲಿನ ನಾಲ್ಕು ಮರಿ ನಾಲ್ಕು ಊರಿಗೆ ಹೋಗಿರುತ್ತವೆ. ಎರಡು ವರ್ಷಕ್ಕೆ ನಾಲ್ಕೂ ಒಂದೇ ಬಣ್ಣ, ಅದೇ ಉದ್ದ ಮೂತಿ, ಅದೇ ಒಳಗೆ ಸೇರಿದ ಹೊಟ್ಟೆ. ಎದುರಿನವರು ಸುಳ್ಳೇ ಹೇಳುತ್ತಿದ್ದಾರೆ ಅಂತಲೂ ಅಲ್ಲ, ಕೆಲವೊಮ್ಮೆ ತಮ್ಮ ಕಳೆದುಹೋದ ನಾಯಿಯೇ ಇದು ಅಂತ ನಿಜವಾಗಿ ನಂಬಿರುತ್ತಾರೆ.

ನಿಮ್ಮ ಮನೆಯಲ್ಲಿ ಲಸಿಕೆ ಕಾರ್ಡ್ ಇರಬೇಕಲ್ವಾ? ತೆಗೆದು ನೋಡಿ. ನಾನು ನೋಡಿದ ಎಷ್ಟೋ ಕಾರ್ಡುಗಳ ಕಥೆ ಒಂದೇ. ಮೊದಲ ಪುಟದಲ್ಲಿ ನಾಯಿಯ ಹೆಸರು ‘ಟೈಗರ್’ ಅಂತ ಇರುತ್ತದೆ. ಮಾಲೀಕರ ಹೆಸರು ಖಾಲಿ. ತಳಿಯ ಮುಂದೆ ‘ಲೋಕಲ್’ ಅಂತ ಯಾರೋ ಗೀಚಿರುತ್ತಾರೆ. ಬಣ್ಣ, ಗುರುತು ಖಾಲಿ. ಒಳಗಿನ ಪುಟದಲ್ಲಿ ಮಾತ್ರ ರೇಬೀಸ್ ಲಸಿಕೆಯ ಸೀಸೆಯಿಂದ ಕಿತ್ತು ಅಂಟಿಸಿದ ಪುಟ್ಟ ಚೀಟಿ, ಅದರ ಮೇಲೆ ಬ್ಯಾಚ್ ನಂಬರ್, ಪಕ್ಕದಲ್ಲಿ ಡಾಕ್ಟರ್ ಸಹಿ. ಆ ಚೀಟಿ ಒಳ್ಳೆಯ ಸಾಕ್ಷಿ. ಆದರೆ ಅದು ಯಾವ ನಾಯಿಗೆ ಚುಚ್ಚಿದ್ದು? ಆ ಕಾರ್ಡನ್ನು ಊರಲ್ಲಿ ಯಾರು ಬೇಕಾದರೂ ‘ನಂದು’ ಅನ್ನಬಹುದು.

ಹಾಗಾಗಿ ಮುಂದಿನ ಲಸಿಕೆಗೆ ಹೋದಾಗ ಮೊದಲ ಪುಟ ಪೂರ್ತಿ ತುಂಬಿಸಿ. ನಿಮ್ಮ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇರಲಿ. ಊರು, ಫೋನ್ ನಂಬರ್, ನಾಯಿಯ ಲಿಂಗ, ಹುಟ್ಟಿದ ತಿಂಗಳು, ಬಣ್ಣ ಬರೆಸಿ. ಗುರುತಿನ ಜಾಗದಲ್ಲಿ ‘ಕಂದು ಬಣ್ಣ’ ಅಂತ ಬರೆದರೆ ಏನೂ ಬರೆಯದ ಹಾಗೇ. ‘ಎಡ ಮುಂಗಾಲಿನ ಎರಡನೇ ಉಗುರು ಬಿಳಿ, ಉಳಿದವು ಕಪ್ಪು. ಬಲ ತೊಡೆಯ ಹೊರಗೆ ಎರಡು ಇಂಚಿನ ಹಳೆ ಗಾಯದ ಗೆರೆ’ ಅಂತ ಬರೆದರೆ ಅದು ಗುರುತು. ಮುಧೋಳದ ಚರ್ಮ ತೆಳು, ಕೂದಲು ಗಿಡ್ಡ. ತಂತಿ ಬೇಲಿ ಹಾರಿ ಕೊಯ್ದುಕೊಂಡ ಗಾಯ ಕೂದಲಲ್ಲಿ ಮುಚ್ಚಿಹೋಗುವುದಿಲ್ಲ, ಗೆರೆ ಉಳಿಯುತ್ತದೆ. ಮಾಲೀಕನಿಗೆ ಬೇಸರದ ವಿಷಯ, ವಕೀಲನಿಗೆ ಒಳ್ಳೆಯ ವಿಷಯ. ಡಾಕ್ಟರ್ ಸಹಿಯ ಜೊತೆ ಆಸ್ಪತ್ರೆಯ ಸೀಲು ಬೀಳಲಿ. ಸರ್ಕಾರಿ ಪಶು ಆಸ್ಪತ್ರೆಯಾದರೆ ಅವರ ರಿಜಿಸ್ಟರ್‌ನಲ್ಲೂ ನಿಮ್ಮ ಹೆಸರು ಸರಿಯಾಗಿ ಬಂತಾ ನೋಡಿ. ನಿಮ್ಮ ಕಾರ್ಡ್ ಮಳೆಯಲ್ಲಿ ನೆನೆದು ಹೋಗಬಹುದು, ಅವರ ಪುಸ್ತಕ ಅಲ್ಲೇ ಇರುತ್ತದೆ.

ಕಾಗದವನ್ನೂ ನಾಯಿಯನ್ನೂ ಗಟ್ಟಿಯಾಗಿ ಕಟ್ಟಿಹಾಕುವುದು ಮೈಕ್ರೋಚಿಪ್. ಅಕ್ಕಿ ಕಾಳಿನಷ್ಟು ಗಾತ್ರ. ದಪ್ಪ ಸೂಜಿಯಲ್ಲಿ ಎರಡು ಹೆಗಲೆಲುಬಿನ ನಡುವೆ ಚರ್ಮದ ಕೆಳಗೆ ಬಿಡುತ್ತಾರೆ. ಅದರೊಳಗೆ ಬ್ಯಾಟರಿ ಇಲ್ಲ. ಸ್ಕ್ಯಾನರ್ ಹತ್ತಿರ ಹಿಡಿದಾಗ ಮಾತ್ರ 15 ಅಂಕಿಯ ಒಂದು ನಂಬರ್ ತೋರಿಸುತ್ತದೆ. ಅಷ್ಟೇ ಅದರ ಕೆಲಸ. ನಾಯಿ ಎಲ್ಲಿದೆ ಅಂತ ಮೊಬೈಲಿನಲ್ಲಿ ತೋರಿಸುವುದಿಲ್ಲ. ಅದರೊಳಗೆ ನಿಮ್ಮ ಹೆಸರೂ ಇರುವುದಿಲ್ಲ. ಇಲ್ಲೇ ಮಂದಿ ಎಡವುವುದು. ಚಿಪ್ ಹಾಕಿಸಿ, ನಂಬರಿನ ಸ್ಟಿಕ್ಕರನ್ನು ಡಬ್ಬಿ ಜೊತೆ ಕಸಕ್ಕೆ ಹಾಕಿ ಬರುತ್ತಾರೆ. ಆ ನಂಬರ್ ನಿಮ್ಮ ಹೆಸರಿನ ಪಕ್ಕದಲ್ಲಿ ಎಲ್ಲಾದರೂ ಬರೆದಿದ್ದರೆ ಮಾತ್ರ ಉಪಯೋಗ. ಲಸಿಕೆ ಕಾರ್ಡಿನಲ್ಲಿ ಸ್ಟಿಕ್ಕರ್ ಅಂಟಿಸಿ, ಮೇಲೆ ಅರ್ಧ ಬೀಳುವ ಹಾಗೆ ಡಾಕ್ಟರ್ ಸಹಿ ಹಾಕಿಸಿ. ಚಿಪ್ ಹಾಕಿದ್ದಕ್ಕೆ ನಿಮ್ಮ ಹೆಸರು, ನಂಬರ್, ದಿನಾಂಕ ಇರುವ ಬಿಲ್ ಕೇಳಿ. ಕಂಪನಿಯ ಡೇಟಾಬೇಸ್ ಇದ್ದರೆ ಅಲ್ಲೂ ನೋಂದಾಯಿಸಿ. ಫೋನ್ ನಂಬರ್ ಬದಲಾದರೆ ಅಲ್ಲೂ ಬದಲಿಸಿ.

ಎಲ್ಲಾ ಹಳ್ಳಿ ಪಶು ಆಸ್ಪತ್ರೆಯಲ್ಲೂ ಚಿಪ್ ಮತ್ತು ಸ್ಕ್ಯಾನರ್ ಇರುತ್ತವೆ ಅನ್ನುವ ಹಾಗಿಲ್ಲ. ಹೋಗುವ ಮೊದಲು ಫೋನ್ ಮಾಡಿ ಕೇಳಿ. ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಸ್ಕ್ಯಾನ್ ಮಾಡಲು ಹೇಳಿ. ಮೊದಲೇ ಬೇರೆ ಚಿಪ್ ಇದ್ದರೆ ಆಗಲೇ ಗೊತ್ತಾಗುತ್ತದೆ. ಕೆನಲ್ ಕ್ಲಬ್, ಅಂದರೆ ತಳಿ ನಾಯಿಗಳ ದಾಖಲೆ ಇಡುವ ಸಂಸ್ಥೆ, ಅಲ್ಲಿ ನೋಂದಣಿ ಮಾಡಿಸುವ ಮನಸ್ಸಿದ್ದರೂ ಮಾಡಿಸಿ. ಆದರೆ ಒಂದು ಎಚ್ಚರ: ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದದಲ್ಲಿ ಈ ತಳಿ ‘ಕ್ಯಾರವಾನ್ ಹೌಂಡ್’ ಅಂತ ಬರುತ್ತದೆ. ದೂರು ಕೊಡುವಾಗ ‘ಮುಧೋಳ ಹೌಂಡ್, ಅಂದರೆ ಕ್ಯಾರವಾನ್ ಹೌಂಡ್’ ಅಂತ ಎರಡನ್ನೂ ಬರೆಯಿರಿ. ಇಲ್ಲದಿದ್ದರೆ ‘ಕಾಗದದಲ್ಲಿ ಬೇರೆ ನಾಯಿ ಇದೆಯಲ್ಲ’ ಅಂತ ಎದುರಿನವರು ಶುರು ಮಾಡುತ್ತಾರೆ.

ಇನ್ನು ಕೊಂಡಿದ್ದಕ್ಕೆ ಸಾಕ್ಷಿ. ರಸೀದಿ ಆವಾಗ ತಗೊಳ್ಳಲಿಲ್ಲ ಅಂತ ಕೈ ಚೆಲ್ಲಬೇಡಿ. ಫೋನ್‌ಪೇ ಮಾಡಿದ ಅರ್ಧ ಹಣ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಇದೆ. ಬ್ಯಾಂಕಿಗೆ ಹೋಗಿ ಆ ತಿಂಗಳ ಸ್ಟೇಟ್‌ಮೆಂಟ್ ಸೀಲ್ ಸಮೇತ ತಗೊಳ್ಳಿ. ಮೊಬೈಲಿನ ಸ್ಕ್ರೀನ್‌ಶಾಟಿಗಿಂತ ಅದು ಮೇಲು. ಆಮೇಲೆ ಮಾರಿದವರ ಮನೆಗೆ ಹೋಗಿ. ಬಾಂಡ್ ಪೇಪರಿನ ಮೇಲೆ ಅವರಿಂದ ಒಂದು ಹೇಳಿಕೆ ಬರೆಸಿಕೊಳ್ಳಿ: ಇಂಥ ತಾಯಿ ತಂದೆ ನಾಯಿಗೆ ಇಂಥ ತಿಂಗಳು ಹುಟ್ಟಿದ ಗಂಡು ಮರಿಯನ್ನು ಇಂಥ ದಿನ ಇಂಥವರಿಗೆ ಎಂಟು ಸಾವಿರಕ್ಕೆ ಕೊಟ್ಟೆ, ಇಷ್ಟು ಫೋನ್‌ಪೇ, ಇಷ್ಟು ನಗದು, ಈಗ ಆ ನಾಯಿಯನ್ನು ನೋಡಿ ಗುರುತಿಸಿದ್ದೇನೆ. ಗುರುತುಗಳನ್ನೂ ಚಿಪ್ ನಂಬರನ್ನೂ ಅದರಲ್ಲೇ ಬರೆಯಿರಿ. ಇಬ್ಬರು ಸಾಕ್ಷಿ ಸಹಿ ಹಾಕಲಿ. ಆಗಿದ್ದರೆ ನೋಟರಿ ಮಾಡಿಸಿ.

ತಾರೀಖು ಮಾತ್ರ ಇವತ್ತಿನದೇ ಹಾಕಿ. ‘ಎರಡು ವರ್ಷ ಹಿಂದಿನ ತಾರೀಖು ಹಾಕ್ರಿ, ಗಟ್ಟಿ ಆಗತ್ತೆ’ ಅಂತ ಹೇಳುವ ಜಾಣರು ಎಲ್ಲಾ ಊರಲ್ಲೂ ಇದ್ದಾರೆ. ಇ-ಸ್ಟಾಂಪ್ ಕಾಗದದಲ್ಲಿ ಅದು ಕೊಂಡ ದಿನ ಅಚ್ಚಾಗಿರುತ್ತದೆ. ಒಂದು ಸುಳ್ಳು ತಾರೀಖು ಸಿಕ್ಕಿದರೆ ನಿಮ್ಮ ನಿಜವಾದ ಕಾಗದಗಳನ್ನೂ ಯಾರೂ ನಂಬುವುದಿಲ್ಲ.

ಹೊಸದಾಗಿ ಮರಿ ತರುವವರಿಗೆ ಇದೇ ಜಾಗದಲ್ಲಿ ಒಂದು ಮಾತು. ನಾಯಿ ತಳಿ ಬೆಳೆಸಿ ಮಾರುವವರಿಗೆ ಅಂತಲೇ 2017ರಿಂದ ನಿಯಮ ಇದೆ. ಅವರು ನೋಂದಣಿ ಮಾಡಿಸಿರಬೇಕು, ದಾಖಲೆ ಇಡಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಅಲ್ಲಿಂದ ಮರಿ ತಂದವರು ಅವರು ಕೊಟ್ಟ ಪ್ರತಿ ಚೀಟಿಯನ್ನೂ ಹಾಗೇ ಇಟ್ಟುಕೊಳ್ಳಿ. ಈ ನಾಯಿ 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2020ರಲ್ಲಿ ಪ್ರಧಾನಿಯ ರೇಡಿಯೋ ಮಾತಿನಲ್ಲೂ ಬಂತು. ನಮ್ಮ ಅಂಗಳದ ನಾಯಿಯ ಮೇಲೆ ಹೊರಗಿನವರ ಕಣ್ಣೂ ಬಿದ್ದಿದೆ ಅಂತ ತಿಳಿದುಕೊಂಡೇ ಇರಬೇಕು.

ಬೆಲೆ ಯಾಕೆ ಅಷ್ಟು ಒತ್ತಿ ಬರೆಸಬೇಕು ಅಂತ ಕೇಳಬಹುದು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವು ಸೆಕ್ಷನ್ 303. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಅದು ಅಸಂಜ್ಞೇಯ ಪ್ರಕರಣ. ಅಂದರೆ ಪೊಲೀಸರು ತಾವಾಗಿ ಎಫ್.ಐ.ಆರ್. ಮಾಡಿ ತನಿಖೆಗೆ ಇಳಿಯುವಂತಿಲ್ಲ. ಪುಸ್ತಕದಲ್ಲಿ ಬರೆದುಕೊಂಡು ‘ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಿ’ ಅನ್ನುತ್ತಾರೆ. ‘ಒಂದು ನಾಯಿ ಕಳೆದಿದೆ ಸಾಹೇಬ್ರೇ’ ಅಂತಷ್ಟೇ ಹೇಳಿದರೆ ಅಲ್ಲೇ ಕಥೆ ಮುಗಿಯಿತು. ‘ಎಂಟು ಸಾವಿರಕ್ಕೆ ಕೊಂಡದ್ದು, ಇಗೋ ಕಾಗದ, ಈಗ ಬೆಳೆದ ನಾಯಿಗೆ ಇನ್ನೂ ಜಾಸ್ತಿ ಬೆಲೆ ಇದೆ’ ಅಂದರೆ ಮಾತು ಬೇರೆ. ನಿಮಗೆ ಅರ್ಧ ಹಣ, ಅಂದರೆ ನಾಲ್ಕು ಸಾವಿರ ಮಾತ್ರ ಬ್ಯಾಂಕಿನಲ್ಲಿ ಕಾಣುತ್ತದೆ. ಉಳಿದ ನಾಲ್ಕು ಸಾವಿರಕ್ಕೆ ಮಾರಿದವರ ಹೇಳಿಕೆಯೇ ಆಧಾರ. ಅದಕ್ಕೇ ಅವರ ಮನೆಗೆ ಹೋಗಿ ಅಂದದ್ದು. ಮನೆಯೊಳಗಿಂದಲೇ ಕದ್ದಿದ್ದರೆ ಸೆಕ್ಷನ್ 305 ಬರುತ್ತದೆ, ಅಲ್ಲಿ ಈ ಐದು ಸಾವಿರದ ಲೆಕ್ಕ ಇಲ್ಲ.

ಫೋಟೋ ಎಲ್ಲರ ಹತ್ತಿರ ಇರುತ್ತವೆ, ಹೆಚ್ಚಿನವು ಕೆಲಸಕ್ಕೆ ಬರುವುದಿಲ್ಲ. ಓಡುವಾಗ ತೆಗೆದದ್ದು, ದೂರದಿಂದ ತೆಗೆದದ್ದು, ಮೇಲೆ ಹಾಡು ಹಾಕಿದ್ದು. ಬೆಳಗಿನ ಬಿಸಿಲಿನಲ್ಲಿ ನಾಯಿಯನ್ನು ನಿಲ್ಲಿಸಿ ಎಡ, ಬಲ, ಮುಂದೆ, ಹಿಂದೆ ತೆಗೆಯಿರಿ. ಉಗುರು, ಎದೆಯ ಮಚ್ಚೆ, ಬಾಲದ ತುದಿ, ಗಾಯದ ಗೆರೆ ಹತ್ತಿರದಿಂದ ಬೇಕು. ಮೂಗಿನ ತುದಿಯದೂ ಒಂದು ಇರಲಿ. ಅದರ ಮೇಲಿನ ಸಣ್ಣ ಗೆರೆಗಳು ಒಂದೊಂದು ನಾಯಿಗೆ ಒಂದೊಂದು ಥರ. ನಿಮ್ಮ ಮನೆಯವರ ಜೊತೆ, ಮನೆ ಗುರುತು ಸಿಗುವ ಹಾಗೆ ಒಂದೆರಡು ಇರಲಿ. ಮರಿಯಾಗಿದ್ದಾಗಿನಿಂದ ಇವತ್ತಿನ ತನಕ ಬಿಟ್ಟು ಬಿಟ್ಟು ತೆಗೆದ ಫೋಟೋಗಳ ಸಾಲಿಗೆ ತೂಕ ಜಾಸ್ತಿ. ಮೂರು ವಾರ ಇಟ್ಟುಕೊಂಡವರ ಹತ್ತಿರ ಮರಿಯ ಫೋಟೋ ಇರುವುದಿಲ್ಲವಲ್ಲ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿ ಸಾಲದು, ಅದರಲ್ಲಿ ತೆಗೆದ ದಿನ, ಜಾಗದ ವಿವರ ಅಳಿಸಿಹೋಗಿರುತ್ತದೆ. ಮೂಲ ಫೈಲ್ ಮೊಬೈಲಿನಲ್ಲೂ ಇನ್ನೊಂದು ಕಡೆಯೂ ಇರಲಿ. ಕೋರ್ಟಿಗೆ ಕೊಡುವಾಗ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕಾಗುತ್ತದೆ, ಅದನ್ನು ನಿಮ್ಮ ವಕೀಲರು ನೋಡಿಕೊಳ್ಳುತ್ತಾರೆ.

ಒಂದು ಥರದ ಫೋಟೋ ಮಾತ್ರ ತರಬೇಡಿ. ನಮ್ಮ ಕಡೆ ಈ ನಾಯಿ ಸಾಕುವವರ ಮೊಬೈಲಿನಲ್ಲಿ ಏನಿರುತ್ತದೆ ಅಂತ ನನಗೂ ಗೊತ್ತು. ಬಾಯಲ್ಲಿ ಮೊಲ ಹಿಡಿದು ನಿಂತ ನಾಯಿ, ಪಕ್ಕದಲ್ಲಿ ಮೀಸೆ ತಿರುವುತ್ತಿರುವ ಮಾಲೀಕ. ನಾಯಿ ನಿಮ್ಮದು ಅಂತ ಅದರಿಂದ ಚೆನ್ನಾಗಿ ಸಾಬೀತಾಗುತ್ತದೆ. ಜೊತೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಪರಾಧವೂ ಸಾಬೀತಾಗುತ್ತದೆ. ಬೇಟೆಯನ್ನೇ ಬಿಡಿ ಅನ್ನುವುದು ನನ್ನ ಸಲಹೆ.

ಡಿ.ಎನ್.ಎ. ಮಾಡಿಸಿದರೆ ಹೇಗೆ ಅಂತ ಈಗೀಗ ಬಹಳ ಜನ ಕೇಳುತ್ತಾರೆ. 2020ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ಒಂದು ಲ್ಯಾಬ್ರಡಾರ್ ನಾಯಿಗೆ ಇಬ್ಬರು ‘ನಂದು’ ಅಂದಾಗ ಪೊಲೀಸರು ಡಿ.ಎನ್.ಎ. ಪರೀಕ್ಷೆಗೇ ಕಳಿಸಿದ್ದರು. ಪರೀಕ್ಷೆಯಿಂದ ಈ ನಾಯಿಯ ತಂದೆ ತಾಯಿ ಯಾರು ಅಂತ ಗೊತ್ತಾಗುತ್ತದೆ. ನಿಮ್ಮ ಕೇಸಿನಲ್ಲಿ ಎದುರಿನವರೂ ಅದೇ ಸೂಲಿನ ಇನ್ನೊಂದು ಮರಿ ತಂದಿದ್ದರೆ? ಎರಡಕ್ಕೂ ತಂದೆ ತಾಯಿ ಒಂದೇ. ಆಗ ಆ ಪರೀಕ್ಷೆಯಿಂದ ಮಾಲೀಕ ಯಾರು ಅಂತ ತೀರುವುದಿಲ್ಲ. ಅದಕ್ಕೆ ಸುರಿಯುವ ರೊಕ್ಕದ ಮೊದಲು ಚಿಪ್ಪಿಗೆ ಖರ್ಚು ಮಾಡಿ.

‘ಹೆಸರು ಕರೆದರೆ ನನ್ನ ಹತ್ತಿರವೇ ಬರತ್ತೆ, ಅದಕ್ಕಿಂತ ಸಾಕ್ಷಿ ಬೇಕಾ?’ ಅನ್ನುವವರೂ ಇದ್ದಾರೆ. ಸ್ಟೇಷನ್ ಅಂಗಳದಲ್ಲಿ ಇಬ್ಬರೂ ಎರಡು ಕಡೆ ನಿಂತು ಕರೆಯುವುದು ನೋಡಲು ಚೆನ್ನಾಗಿರುತ್ತದೆ. ಆದರೆ ಬೆದರಿದ ನಾಯಿ ಯಾರ ಹತ್ತಿರವೂ ಹೋಗದೆ ಜೀಪಿನ ಕೆಳಗೆ ಸೇರಿಬಿಡಬಹುದು. ಮೂರು ವಾರ ರೊಟ್ಟಿ ಹಾಲು ಹಾಕಿದವರ ಕಡೆಗೂ ಬಾಲ ಆಡಿಸಬಹುದು. ಇದರ ಮೇಲೆ ನಂಬಿಕೆ ಇಡಬೇಡಿ.

ನಮ್ಮ ಭಾಗದಲ್ಲಿ ತಕರಾರು ಏಳುವ ದೊಡ್ಡ ದಾರಿ ಇನ್ನೊಂದಿದೆ. ನೀವು ಕೇಳಿಲ್ಲ, ಆದರೆ ನಿಮ್ಮದು ಗಂಡು ನಾಯಿ, ಹಾಗಾಗಿ ಹೇಳುತ್ತೇನೆ. ಇವತ್ತಲ್ಲ ನಾಳೆ ಯಾರಾದರೂ ‘ನಮ್ಮ ಹೆಣ್ಣು ನಾಯಿಗೆ ಬಿಡೋಣ, ಹತ್ತು ದಿನ ನಮ್ಮಲ್ಲಿ ಇರಲಿ, ಒಂದು ಮರಿ ನಿಮಗೆ’ ಅಂತ ಬರುತ್ತಾರೆ. ಬಾಯಿ ಮಾತಿನಲ್ಲೇ ಎಲ್ಲಾ ಆಗುತ್ತದೆ. ಹತ್ತು ದಿನ ತಿಂಗಳಾಗುತ್ತದೆ. ಮರಿ ಎರಡೇ ಬದುಕಿದವು ಅಂತಾರೆ. ಕೊನೆಗೆ ‘ನಾಯಿ ನಮಗೇ ಕೊಟ್ಟಿದ್ದಿರಲ್ಲ’ ಅನ್ನುವ ತನಕ ಮಾತು ಬೆಳೆಯುತ್ತದೆ. ನಿಮ್ಮ ಕೈಯಾರೆ ಕಳಿಸಿದ ನಾಯಿಯನ್ನು ‘ಕದ್ದರು’ ಅಂತ ಹೇಳುವುದೂ ಕಷ್ಟ. ನಾಯಿ ಹೊರಡುವ ಮೊದಲು ಎರಡು ಸಾಲು ಬರೆಯಿರಿ: ಯಾರ ನಾಯಿ, ಯಾತಕ್ಕೆ ಹೋಗುತ್ತಿದೆ, ಯಾವ ದಿನ ವಾಪಸ್, ಮರಿಯ ಲೆಕ್ಕ ಏನು. ಎದುರಿನವರಿಗೆ ವಾಟ್ಸಾಪ್ ಮಾಡಿ ‘ಸರಿ’ ಅಂತ ಉತ್ತರ ತರಿಸಿಕೊಂಡರೂ ನಡೆಯುತ್ತದೆ. ಬೀಗರ ಮನೆಯಾದರೂ ಬರೆಯಿರಿ. ಬೀಗರ ಮನೆಯಾದರೆ ಇನ್ನೂ ಬರೆಯಿರಿ. ಹಾಗೇ ಅಣ್ಣ ತಮ್ಮ ಕೂಡಿ ಇರುವ ಮನೆಯಲ್ಲಿ ಕಾರ್ಡ್ ಒಬ್ಬರದು, ಚಿಪ್ ಒಬ್ಬರದು, ಫೋನ್‌ಪೇ ಇನ್ನೊಬ್ಬರದು ಆಗದಂತೆ ನೋಡಿಕೊಳ್ಳಿ.

ಮತ್ತೆ ನಾಯಿ ಕಾಣೆಯಾದರೆ ಕಾಯಬೇಡಿ. ಹೋದ ಸಲ ನೀವು ದೂರು ಕೊಟ್ಟ ಹಾಗೆ ಕಾಣಲಿಲ್ಲ. ಅವತ್ತೇ ಸ್ಟೇಷನ್ನಿಗೆ ಹೋಗಿ ಗುರುತು, ಚಿಪ್ ನಂಬರ್, ಬೆಲೆ ಹಾಕಿ ಬರಹದಲ್ಲಿ ಕೊಡಿ. ಕಳವೋ ತಪ್ಪಿಸಿಕೊಂಡದ್ದೋ ಗೊತ್ತಿಲ್ಲದಿದ್ದರೆ ‘ಕಾಣೆಯಾಗಿದೆ’ ಅಂತಲೇ ಬರೆಯಿರಿ, ಊಹೆಯಲ್ಲಿ ಯಾರ ಹೆಸರೂ ಹಾಕಬೇಡಿ. ಹಿಂಬರಹ, ಅಂದರೆ ದೂರು ತಲುಪಿದೆ ಅಂತ ಸ್ಟೇಷನ್ನಿನವರು ಬರೆದುಕೊಡುವ ಚೀಟಿ, ಕೇಳಿ ಪಡೆಯಿರಿ. ಎದುರಿನವರು ‘ನಂದು’ ಅನ್ನುವ ಮೊದಲೇ ಆ ತಾರೀಖಿನ ಕಾಗದ ನಿಮ್ಮ ಕೈಯಲ್ಲಿ ಇರಬೇಕು. ಕಳವು ಅಂತ ಖಾತ್ರಿ ಇದ್ದು ಎಫ್.ಐ.ಆರ್. ಮಾಡದಿದ್ದರೆ ಜಿಲ್ಲಾ ಎಸ್ಪಿಯವರಿಗೆ ಬರೆಯಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್.

‘ನಾನು ಹಿಡಿದುಕೊಂಡು ಬಂದಿಲ್ಲ, ಅದೇ ನನ್ನ ಹಿಂದೆ ಬಂತು’ ಅನ್ನುವುದು ಇಂಥ ಕೇಸಿನಲ್ಲಿ ಹಳೆಯ ಉತ್ತರ. ಎಷ್ಟು ಹಳೆಯದು ಅಂದರೆ ಬ್ರಿಟಿಷರ ಕಾಲದ ದಂಡ ಸಂಹಿತೆಯಲ್ಲೇ ಅದಕ್ಕೆ ಉದಾಹರಣೆ ಬರೆದಿಟ್ಟಿದ್ದರು, ಹೊಸ ಸಂಹಿತೆಯಲ್ಲೂ ಇದೆ. ಒಬ್ಬ ಜೇಬಿನಲ್ಲಿ ನಾಯಿಗೆ ಆಸೆ ಹುಟ್ಟಿಸುವ ತಿನಿಸು ಇಟ್ಟುಕೊಂಡು ಇನ್ನೊಬ್ಬರ ನಾಯಿಯನ್ನು ಹಿಂದೆ ಬರುವಂತೆ ಮಾಡಿದರೆ, ಅಪಹರಿಸುವ ಉದ್ದೇಶ ಇದ್ದರೆ, ನಾಯಿ ಹಿಂಬಾಲಿಸಲು ಶುರು ಮಾಡಿದ ಗಳಿಗೆಗೇ ಕಳವು ಆಯಿತು.

ನಾಯಿ ಎಲ್ಲಿದೆ ಅಂತ ಗೊತ್ತಾದರೂ ನಾಲ್ಕು ಜನ ಹುಡುಗರನ್ನು ಕಟ್ಟಿಕೊಂಡು ರಾತ್ರಿ ಹೋಗಿ ಬಿಚ್ಚಿಕೊಂಡು ಬರಬೇಡಿ. ಬೇಲಿ ದಾಟಿದ್ದು, ಕೈ ಕೈ ಮಿಲಾಯಿಸಿದ್ದು ನಿಮ್ಮ ಮೇಲೆ ಕೇಸಾಗುತ್ತದೆ. ಪೊಲೀಸರು ನಾಯಿಯನ್ನು ವಶಕ್ಕೆ ತಗೊಂಡರೆ, ಕೇಸ್ ಮುಗಿಯುವ ತನಕ ಮನೆಯಲ್ಲಿ ಇಟ್ಟುಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಬಹುದು. ಬಾಂಡ್ ಬರೆಸಿಕೊಂಡು ಮಧ್ಯಂತರವಾಗಿ ಸುಪರ್ದಿಗೆ ಕೊಡುತ್ತಾರೆ. ಜಡ್ಜ್ ಆಗ ಕೇಳುವುದು ಈ ಕಾಗದಗಳನ್ನೇ.

ಕೊನೆಗೆ ಆ ಮೂರು ಸಾವಿರ. 1872ರ ಕರಾರು ಕಾಯ್ದೆಯ ಸೆಕ್ಷನ್ 168ರ ಪ್ರಕಾರ, ಬೇರೆಯವರ ವಸ್ತು ಸಿಕ್ಕಿ ಅದನ್ನು ಜೋಪಾನ ಮಾಡಿ ಮಾಲೀಕರನ್ನು ಹುಡುಕಿದವರು ತಮ್ಮ ಖರ್ಚು ಸಿಗುವ ತನಕ ವಸ್ತುವನ್ನು ಇಟ್ಟುಕೊಳ್ಳಬಹುದು. ಆದರೆ ಆ ಖರ್ಚಿಗಾಗಿ ಕೋರ್ಟಿನಲ್ಲಿ ದಾವೆ ಹಾಕುವ ಹಕ್ಕು ಅವರಿಗಿಲ್ಲ. ನಾಯಿ ಈಗ ನಿಮ್ಮ ಮನೆಯಲ್ಲೇ ಇದೆ. ಅದೂ ಅಲ್ಲದೆ ‘ನಂದೇ’ ಅಂತ ವಾದ ಮಾಡಿದವರು ಮಾಲೀಕರನ್ನು ಹುಡುಕಿದವರು ಹೇಗಾಗುತ್ತಾರೆ? ಹಾಗಾಗಿ ಕಾನೂನಿನ ಪ್ರಕಾರ ನೀವು ಕೊಡಲೇಬೇಕಾಗಿಲ್ಲ.

ಆದರೂ ನಾನಾದರೆ ಏನಾದರೂ ಕೊಡುತ್ತೇನೆ. ಪಕ್ಕದ ಊರಿನವರು, ಮೂರು ವಾರ ನಾಯಿಗೆ ಅನ್ನ ಹಾಕಿದ್ದಾರೆ. ಹಿರಿಯರ ಮುಂದೆ ಕೂತು ಸಾವಿರವೋ ಒಂದೂವರೆ ಸಾವಿರವೋ ಅಂತ ಮುಗಿಸಿ. ಕೈಗೆ ರೊಕ್ಕ ಕೊಡುವಾಗ ಒಂದು ರಸೀದಿ ಮಾತ್ರ ತಪ್ಪದೆ ತಗೊಳ್ಳಿ: ‘ಇಂಥವರ ಮಾಲೀಕತ್ವದ, ಇಂಥ ಗುರುತಿನ ಮುಧೋಳ ನಾಯಿ ಇಂಥ ದಿನದಿಂದ ಇಂಥ ದಿನದ ತನಕ ನಮ್ಮಲ್ಲಿ ಇತ್ತು. ಅದನ್ನು ನೋಡಿಕೊಂಡ ಖರ್ಚಿನ ಬಾಬ್ತು ಇಷ್ಟು ರೂಪಾಯಿ ಮುಟ್ಟಿತು.’ ಕೆಳಗೆ ಅವರ ಸಹಿ, ಇಬ್ಬರು ಹಿರಿಯರ ಸಹಿ. ನಾಯಿ ನಿಮ್ಮದು ಅಂತ ಎದುರಿನವರೇ ಒಪ್ಪಿ ಬರೆದುಕೊಟ್ಟ ಕಾಗದ ಅದು. ನಾನು ಮೇಲೆ ಹೇಳಿದ ಎಲ್ಲಾ ಕಾಗದಗಳಿಗಿಂತ ಅವರ ವಿರುದ್ಧ ಅದೇ ಹೆಚ್ಚು ಕೆಲಸ ಮಾಡುತ್ತದೆ. ಸಹಿ ಹಾಕಲು ಹಿಂದೇಟು ಹಾಕಿದರೆ ರೊಕ್ಕ ಕೊಡಬೇಡಿ.